ನಾಲ್ಕು ಡಬ್ಬಿ ಪೂರಕ, ಒಂದು ಕುದುರೆ: ಯಾವುದನ್ನು ಉಳಿಸಿಕೊಳ್ಳಲಿ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನನ್ನ ಕುದುರೆಗೆ ಒಂಬತ್ತು ವರ್ಷ, ತೂಕ ಸುಮಾರು 500 ಕೆಜಿ. ವಾರದಲ್ಲಿ ನಾಲ್ಕು ದಿನ ಹಗುರವಾದ ಸವಾರಿ. ಉಳಿದಂತೆ ಲಾಯದಲ್ಲೇ ಇರುತ್ತದೆ, ಹಸಿರು ಮೇವು ಅಪರೂಪ. ದಿನಕ್ಕೆ ಸುಮಾರು 6 ಕೆಜಿ ಒಣಹುಲ್ಲು, 1 ಕೆಜಿ ಸಿದ್ಧ ದಾಣಿ, 1 ಕೆಜಿ ಗೋಧಿ ಬೂಸಾ ಕೊಡುತ್ತೇನೆ. ಕೆಲವು ತಿಂಗಳಿಂದ ಗೊರಸು ಸೀಳುತ್ತಿದೆ, ಮೈಯ ಹೊಳಪೂ ಕುಂದಿದೆ. ಒಬ್ಬೊಬ್ಬರು ಒಂದೊಂದು ಹೇಳಿದ್ದರಿಂದ ಖನಿಜ ಮಿಶ್ರಣ, ಗೊರಸಿನ ಪುಡಿ, ಕಬ್ಬಿಣಾಂಶದ ಟಾನಿಕ್, ಕೀಲಿನ ಪುಡಿ ಎಂದು ನಾಲ್ಕು ಡಬ್ಬಿ ತಂದಿಟ್ಟಿದ್ದೇನೆ. ಎಲ್ಲವನ್ನೂ ಒಟ್ಟಿಗೆ ಕೊಡಬಹುದೇ? ಲೇಬಲ್‌ಗಳ ಚಿತ್ರ ಹಾಕಿದ್ದೇನೆ.

ಉತ್ತರ (ಪಶುವೈದ್ಯೆ): ಬೇಡ. ಡಬ್ಬಿಗಳನ್ನು ಪಕ್ಕಕ್ಕಿಟ್ಟು ಮೊದಲು ಹುಲ್ಲನ್ನು ತೂಗಿ. ಕುದುರೆಗೆ ದಿನಕ್ಕೆ ಅದರ ತೂಕದ ಶೇ 1.5ರಿಂದ 2ರಷ್ಟು ಒಣ ಮೇವು ಬೇಕು. ನಿಮ್ಮದಕ್ಕೆ ಅದು 7.5ರಿಂದ 10 ಕೆಜಿ. ನೀವು ಕೊಡುತ್ತಿರುವ 6 ಕೆಜಿ ಸಾಲದು. ಈ ಕೊರತೆಯನ್ನು ಯಾವ ಪುಡಿಯೂ ತುಂಬುವುದಿಲ್ಲ. ವಾರ ಹತ್ತು ದಿನ ತೆಗೆದುಕೊಂಡು ನಿಧಾನವಾಗಿ ಹೆಚ್ಚಿಸಿ.

ಎರಡನೆಯದು ಬೂಸಾ. ಅದರಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಸುಮಾರು ಹತ್ತು ಪಟ್ಟು ಹೆಚ್ಚು. ಕುದುರೆಯ ಇಡೀ ಆಹಾರದಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಹೆಚ್ಚಿರಬೇಕು. ಒಂದು ಪಾಲು ರಂಜಕಕ್ಕೆ ಒಂದೂವರೆಯಿಂದ ಎರಡು ಪಾಲು ಕ್ಯಾಲ್ಸಿಯಂ ಇದ್ದರೆ ಒಳ್ಳೆಯದು. ಇದು ತಲೆಕೆಳಗಾದರೆ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕರಗಿಸಿಕೊಳ್ಳುತ್ತದೆ, ಮುಖದ ಮೂಳೆಗಳು ಊದಿಕೊಳ್ಳುತ್ತವೆ. ಹಿಂದೆ ಹಿಟ್ಟಿನ ಗಿರಣಿಗಳಲ್ಲಿ ಬೂಸಾ ತಿಂದು ಬೆಳೆದ ಕುದುರೆಗಳಲ್ಲಿ ಇದು ಎಷ್ಟು ಸಾಮಾನ್ಯವಾಗಿತ್ತೆಂದರೆ, ಗಿರಣಿಯವರ ಹೆಸರಿನಲ್ಲೇ ಆ ರೋಗವನ್ನು ಕರೆಯುತ್ತಿದ್ದರು. ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಎಂದು ನೆಮ್ಮದಿಪಡಬೇಡಿ. ಮೂಳೆ ಸವೆದರೂ ಹಾರ್ಮೋನುಗಳು ರಕ್ತದ ಮಟ್ಟವನ್ನು ಕಾಯ್ದುಕೊಳ್ಳುತ್ತವೆ. ಬೂಸಾವನ್ನು ನಿಲ್ಲಿಸುತ್ತಾ ಬನ್ನಿ.

ಈಗ ಲೇಬಲ್‌ಗಳಿಗೆ ಬರುತ್ತೇನೆ. ಅತ್ಯಲ್ಪ ಪ್ರಮಾಣದಲ್ಲಿ ಬೇಕಾಗುವ ಸೆಲೆನಿಯಂ ಎಂಬ ಖನಿಜ ಒಂದನ್ನೇ ಕೂಡಿಸಿ ನೋಡಿದೆ: ದಾಣಿಯಲ್ಲಿ 0.4 ಮಿಲಿಗ್ರಾಂ, ಖನಿಜ ಮಿಶ್ರಣದಲ್ಲಿ 1, ಗೊರಸಿನ ಪುಡಿಯಲ್ಲಿ 1. ಒಟ್ಟು 2.4. ಹುಲ್ಲಿನಿಂದ ಬರುವುದು ಬೇರೆ. ಈ ತೂಕದ ಕುದುರೆಗೆ ದಿನಕ್ಕೆ ಬೇಕಾದದ್ದು ಸುಮಾರು 1 ಮಿಲಿಗ್ರಾಂ. ಇಷ್ಟಕ್ಕೇ ವಿಷವಾಗುವುದಿಲ್ಲ. ಆದರೆ ನಾಳೆ ಇನ್ನೊಂದು ಡಬ್ಬಿ ಸೇರಿದರೆ ಲೆಕ್ಕ ಇಡುವವರು ಯಾರು? ಸೆಲೆನಿಯಂ ದೀರ್ಘಕಾಲ ಅತಿಯಾದರೆ ಅಯಾಲು ಮತ್ತು ಬಾಲದ ಕೂದಲು ಉದುರುತ್ತವೆ, ಗೊರಸು ಬಿರಿಯುತ್ತದೆ. ಯಾವ ತೊಂದರೆಗೆಂದು ಪುಡಿ ತಂದಿರೋ ಅದೇ ತೊಂದರೆ. 2009ರ ಏಪ್ರಿಲ್‌ನಲ್ಲಿ ಫ್ಲೋರಿಡಾದ ವೆಲ್ಲಿಂಗ್ಟನ್‌ನಲ್ಲಿ ಪೋಲೊ ಆಡಬೇಕಿದ್ದ 21 ಕುದುರೆಗಳು ಸತ್ತವು. ಅವಕ್ಕೆ ಚುಚ್ಚಿದ ಪೂರಕದಲ್ಲಿ ಸೆಲೆನಿಯಂ ಪ್ರಮಾಣ ತಪ್ಪಿತ್ತು. ಆ ಸುದ್ದಿ ಓದಿದ ದಿನದಿಂದ, ಕೂಡಿಸಿ ನೋಡದೆ ಯಾವ ಪೂರಕವನ್ನೂ ನಾನು ಬರೆದುಕೊಡುವುದಿಲ್ಲ.

ಕಬ್ಬಿಣಾಂಶದ ಟಾನಿಕ್ ನಿಲ್ಲಿಸಿ. ಮೇವಿನಲ್ಲೇ ಕಬ್ಬಿಣ ಧಾರಾಳವಾಗಿರುತ್ತದೆ. ಕುದುರೆಗೆ ರಕ್ತಹೀನತೆ ಬಂದರೂ ಕಾರಣ ಸಾಮಾನ್ಯವಾಗಿ ಬೇರೆಯೇ ಇರುತ್ತದೆ. ಕೀಲಿನ ಪುಡಿ ಗಟ್ಟಿಯಾಗಿ ಕೆಲಸ ಮಾಡುತ್ತದೆ ಎನ್ನಲು ಪುರಾವೆ ದುರ್ಬಲ; ಕುದುರೆ ಕುಂಟುತ್ತಿಲ್ಲವಾದರೆ ಬೇಡ.

ಖನಿಜ ಮಿಶ್ರಣವನ್ನು ಉಳಿಸಿಕೊಳ್ಳಿ. ದಿನಕ್ಕೆ ಒಟ್ಟು ಆಹಾರದಿಂದ ತಾಮ್ರ ಸುಮಾರು 100, ಸತು ಸುಮಾರು 400 ಮಿಲಿಗ್ರಾಂ ಸಿಗುವಂತಿರಬೇಕು. ಗೊರಸಿಗೂ ಮೈಗೂದಲಿಗೂ ಇವೆರಡೂ ಬೇಕು. ಗೊರಸಿನ ಪುಡಿಯ ಬದಲು ಸೆಲೆನಿಯಂ ಇಲ್ಲದ ಬಯೋಟಿನ್ (ಬಿ ಗುಂಪಿನ ಒಂದು ವಿಟಮಿನ್) ತನ್ನಿ, ದಿನಕ್ಕೆ 15ರಿಂದ 20 ಮಿಲಿಗ್ರಾಂ. ಹಸಿರು ಮೇವಿಲ್ಲದ ಕುದುರೆಗೆ ವಿಟಮಿನ್ ಇ ಕೊರತೆಯಾಗುತ್ತದೆ, ಏಕೆಂದರೆ ಹುಲ್ಲು ಒಣಗುವಾಗಲೇ ಅದು ನಾಶವಾಗುತ್ತದೆ. ನೈಸರ್ಗಿಕ ರೂಪದ್ದನ್ನೇ ಆರಿಸಿಕೊಳ್ಳಿ, ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಇನ್ನು ನಿಮ್ಮ ಪಟ್ಟಿಯಲ್ಲೇ ಇಲ್ಲದ್ದು ಉಪ್ಪು. ದಿನಕ್ಕೆ 25ರಿಂದ 30 ಗ್ರಾಂ ಸಾದಾ ಉಪ್ಪು, ಬೆವರಿದ ದಿನ ಇನ್ನಷ್ಟು; ಪಕ್ಕದಲ್ಲಿ ಸದಾ ನೀರಿರಲಿ.

ಮತ್ತೊಬ್ಬ ಸದಸ್ಯರು: ಮೇಡಂ, ನಮ್ಮ ಲಾಯದ ಪಕ್ಕದಲ್ಲೇ ದನದ ಕೊಟ್ಟಿಗೆ ಇದೆ. ದನಗಳ ಖನಿಜ ಮಿಶ್ರಣವನ್ನೇ ಕುದುರೆಗೂ ಹಾಕಿದರೆ ಆಗದೇ?

ಉತ್ತರ: ದಯವಿಟ್ಟು ಹಾಕಬೇಡಿ. ದನ, ಕೋಳಿಗಳ ಕೆಲವು ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧ ಸೇರಿಸಿರುತ್ತಾರೆ. ದನಕ್ಕೆ ಹಾನಿ ಮಾಡದ ಪ್ರಮಾಣವೇ ಕುದುರೆಯ ಹೃದಯದ ಸ್ನಾಯುವನ್ನು ಹಾಳುಗೆಡವಿ ಕೊಲ್ಲಬಲ್ಲದು. ಕುದುರೆ ವಾಂತಿ ಮಾಡಲಾರದು, ನುಂಗಿದ್ದನ್ನು ಹೊರಹಾಕುವ ದಾರಿ ಅದಕ್ಕಿಲ್ಲ. ಚೀಲ, ಚಮಚ, ಬಕೆಟ್ ಎಲ್ಲವನ್ನೂ ಬೇರೆಯಾಗಿಡಿ.

ಇನ್ನೊಬ್ಬರು: ನಮ್ಮ ಹೆಣ್ಣು ಕುದುರೆಗೆ ಇಪ್ಪತ್ತೊಂದು ವರ್ಷ, ಸೊರಗುತ್ತಿದೆ. ಮೈ ತುಂಬಿಕೊಳ್ಳಲು ಯಾವ ಪೂರಕ ಕೊಡಲಿ?

ಉತ್ತರ: ಮೊದಲು ಬಾಯಿ ನೋಡಿಸಿ. ಹಲ್ಲು ಸವೆದ ಕುದುರೆ ಹುಲ್ಲನ್ನು ಅಗಿಯಲಾಗದೆ ಉಂಡೆ ಮಾಡಿ ಉಗುಳುತ್ತದೆ, ಗೋದಲಿಯ ಕೆಳಗೆ ಹುಡುಕಿದರೆ ಸಿಗುತ್ತದೆ. ಜಂತುಹುಳುವಿಗಾಗಿ ಲದ್ದಿಯ ಪರೀಕ್ಷೆಯನ್ನೂ ಮಾಡಿಸಿ. ಈ ಎರಡರ ಫಲಿತಾಂಶ ತಿಳಿಸಿ, ಆಮೇಲೆ ಆಹಾರದ ಮಾತಾಡೋಣ.

ಮೊದಲ ಪ್ರಶ್ನೆ ಕೇಳಿದವರು: ಹುಲ್ಲನ್ನು ತೂಗಿದೆ ಡಾಕ್ಟರೇ. 6 ಕೆಜಿ ಎಂದುಕೊಂಡಿದ್ದು 5ಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮನಸ್ಸಿಗೆ ತುಂಬಾ ನೋವಾಯಿತು. ಬಯೋಟಿನ್ ಕೊಟ್ಟರೆ ಒಂದೆರಡು ತಿಂಗಳಲ್ಲಿ ಗೊರಸು ಸರಿಹೋಗುತ್ತದೆಯೇ?

ಉತ್ತರ: ನೊಂದುಕೊಳ್ಳಬೇಡಿ, ತೂಗಿ ನೋಡಿದಿರಲ್ಲ, ಅದು ದೊಡ್ಡ ಕೆಲಸ. ಒಂದೆರಡು ತಿಂಗಳಲ್ಲಿ ಆಗುವುದಿಲ್ಲ. ಈಗಾಗಲೇ ಸೀಳಿದ ಭಾಗ ಕೂಡಿಕೊಳ್ಳುವುದಿಲ್ಲ. ಮೇಲಿನಿಂದ ಹೊಸದು ಬೆಳೆದು ಅದನ್ನು ಕೆಳಕ್ಕೆ ತಳ್ಳಬೇಕು. ಮುಂಭಾಗದ ಗೋಡೆ ಪೂರ್ತಿ ಹೊಸದಾಗಲು 9ರಿಂದ 12 ತಿಂಗಳು ಬೇಕು. ಅಷ್ಟು ದಿನವೂ ಲಾಳ ಹೊಡೆಯುವವರ ಕೈಯಲ್ಲಿ ಹೊತ್ತಿಗೆ ಸರಿಯಾಗಿ ಗೊರಸು ಕತ್ತರಿಸಿಸಿ. ಇಂದೇ ನಾಲ್ಕೂ ಗೊರಸುಗಳ ಚಿತ್ರ ತೆಗೆದಿಡಿ, ತಿಂಗಳಿಗೊಮ್ಮೆ ಮತ್ತೆ ತೆಗೆಯಿರಿ. ಕೂದಲು ಮುಗಿದು ಗೊರಸು ಶುರುವಾಗುವ ಅಂಚಿನ ಕೆಳಗೆ ಮೂರ್ನಾಲ್ಕು ತಿಂಗಳಲ್ಲಿ ನಯವಾದ, ಬಿಗಿಯಾದ ಪಟ್ಟಿ ಕಂಡರೆ ನಮ್ಮ ದಾರಿ ಸರಿಯಿದೆ. ಕಾಣದಿದ್ದರೆ ಆ ಚಿತ್ರಗಳನ್ನು ಇಲ್ಲಿಗೇ ಕಳುಹಿಸಿ.