ಟ್ಯಾಲಿನ್, ರೀಗಾ, ವಿಲ್ನಿಯಸ್: ಒಂಬತ್ತು ದಿನ ಸಾಕೇ?

ಪ್ರಶ್ನೆ: ಸೆಪ್ಟೆಂಬರಿನಲ್ಲಿ ತಾಯಿಯವರೊಡನೆ ಬಾಲ್ಟಿಕ್ ದೇಶಗಳಾದ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳ ಮೂರು ರಾಜಧಾನಿಗಳನ್ನು ನೋಡಿ ಬರುವ ಆಲೋಚನೆಯಿದೆ. ಒಂಬತ್ತು ದಿನಗಳನ್ನು ಹೇಗೆ ಹಂಚಿಕೊಳ್ಳಬೇಕು, ಮಂಡಿನೋವಿರುವವರಿಗೆ ಯಾವ ಊರು ಕಷ್ಟ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಮೂರೂ ದೇಶಗಳು ಯೂರೋ ಬಳಸುತ್ತವೆ; ಯುರೋಪಿನ ದೇಶಗಳ ಸಮಾನ ವೀಸಾ ವ್ಯವಸ್ಥೆಯಾದ ಷೆಂಗೆನ್ ವಲಯದಲ್ಲಿರುವುದರಿಂದ ಒಂದೇ ವೀಸಾ ಸಾಕು, ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಸಲ್ಲಿಸಬೇಕು. ಟ್ಯಾಲಿನ್‌ನಿಂದ ರೀಗಾಕ್ಕೂ, ಅಲ್ಲಿಂದ ವಿಲ್ನಿಯಸ್‌ಗೂ ಬಸ್ಸಿನಲ್ಲಿ ಸುಮಾರು ನಾಲ್ಕೂವರೆ ಗಂಟೆ ಹಿಡಿಯುತ್ತದೆ.

ಉತ್ತರ 2: ಕಷ್ಟವೆಂದರೆ ಟ್ಯಾಲಿನ್ ನಗರವೇ. ಹಳೆಯ ಪಟ್ಟಣದ ಬೀದಿಗಳಿಗೆ ಉರುಟು ಕಲ್ಲು ಹಾಸಿದ್ದು, ಟೂಂಪಿಯಾ ಗುಡ್ಡದಿಂದ ನಮ್ಮ ಅತ್ತೆಯವರು ಮಳೆಯಲ್ಲಿ ಗೋಡೆ ಹಿಡಿದೇ ಇಳಿದರು. ಆದರೂ 1422ರ ದಾಖಲೆಯಲ್ಲೇ ಕಾಣಿಸಿಕೊಳ್ಳುವ, ಇಂದಿಗೂ ಔಷಧಿ ಮಾರುವ ಪುರಭವನ ಚೌಕದ ಔಷಧಾಲಯವನ್ನು ತಪ್ಪಿಸಬೇಡಿ. ರೀಗಾ ಸಮತಟ್ಟಾದ ಊರು. ಜೆಪ್ಪೆಲಿನ್ ವಾಯುನೌಕೆಗಳ ಹ್ಯಾಂಗರುಗಳ ಭಾಗಗಳಿಂದ ಕಟ್ಟಿ 1930ರಲ್ಲಿ ತೆರೆದ ಅಲ್ಲಿನ ಮಾರುಕಟ್ಟೆಯಲ್ಲಿ ಹೊಗೆಯಾಡಿಸಿದ ಮೀನಿನ ವಾಸನೆಯನ್ನು ದಾಟಿದರೆ, ಸಸ್ಯಾಹಾರಿಗಳಿಗೆ ಕಪ್ಪು ರೈ ರೊಟ್ಟಿ, ಉಪ್ಪಿನಲ್ಲಿ ನೆನೆಸಿದ ಸೌತೆಕಾಯಿ ಧಾರಾಳವಾಗಿ ಸಿಗುತ್ತವೆ.

ಉತ್ತರ 3: ನನ್ನ ಮಟ್ಟಿಗೆ ನಾಲ್ಕು ದಿನ ವಿಲ್ನಿಯಸ್‌ಗೇ ಸಲ್ಲಬೇಕು. 1989ರ ಆಗಸ್ಟ್ 23ರಂದು ಸೋವಿಯತ್ ಆಳ್ವಿಕೆಯ ವಿರುದ್ಧ ಲಕ್ಷಾಂತರ ಜನ ಕೈ ಕೈ ಹಿಡಿದು ಈ ಮೂರು ನಗರಗಳನ್ನು ಬೆಸೆದ ಸರಪಳಿಯ ನೆನಪಿಗೆ ಅಲ್ಲಿನ ಕೆಥೆಡ್ರಲ್ ಚೌಕದಲ್ಲಿ ‘ಸ್ಟೆಬುಕ್ಲಾಸ್’, ಅಂದರೆ ‘ಪವಾಡ’, ಎಂದು ಕೆತ್ತಿದ ನೆಲಹಾಸಿನ ಬಿಲ್ಲೆಯೊಂದಿದೆ. ಜನ ಅದರ ಮೇಲೆ ನಿಂತು ಒಂದು ಸುತ್ತು ತಿರುಗಿ ಹರಕೆ ಹೊರುತ್ತಾರೆ.