ಲಾರಿಯಿಂದ ಬಿದ್ದ ಬಿಳಿ ಕೋಳಿಗೆ ಸ್ನಾನ ಮಾಡಸ್ಬೇಕೋ ಬ್ಯಾಡೋ?

ಸಿಂದಗಿನಾಕಾ_ಮನಿ:
ನಮಸ್ಕಾರ್ರಿ ಎಲ್ಲಾರಿಗೂ, ವಿಜಯಪುರದಿಂದ ಬರೀಲಾಕತ್ತೀನಿ. ಸಿಂದಗಿ ರೋಡಿನ್ಯಾಗ ಕೋಳಿ ತುಂಬಿದ ಲಾರಿ ಹೋದ ಮ್ಯಾಲೆ ಒಂದು ಬಿಳಿ ಕೋಳಿ ಜಾಲಿಗಿಡದ ಬುಡಕ ಕುಂತಿತ್ತು, ಸುತ್ತ ನಾಯಿ ತಿರಗಲಾಕತ್ತಿದ್ವು, ನೋಡಿ ಬಿಟ್ಟು ಬರೂ ಮನಸಾಗ್ಲಿಲ್ಲ, ಟವಲ್‌ನ್ಯಾಗ ಸುತ್ಕೊಂಡು ಮನಿಗೆ ತಂದೀನಿ. ಬೆನ್ನ ಮ್ಯಾಲೆ ಪುಕ್ಕನ ಇಲ್ಲ, ಚರ್ಮ ಕೆಂಪಗ ಆಗ್ಯಾದ, ಜುಟ್ಟು ದೊಡ್ಡದದ ಆದ್ರ ಬಿಳಚಿ ಒಂದು ಕಡೆ ಜೋತು ಬಿದ್ದದ, ಚುಂಚಿನ ತುದಿ ಕೊಯ್ದಂಗ ಕಾಣ್ತದ. ಹಿಂದ ಹಿಕ್ಕಿ ಮೆತ್ಕೊಂಡು ಕಲ್ಲಾಗ್ಯಾದ, ಭಾಳ ವಾಸನಿ. ನೀರು ಕುಡೀತದ, ಜೋಳ ಹಾಕಿದ್ರ ಸುಮ್ನ ನೋಡ್ತದ ತಿನ್ನೂದಿಲ್ಲ. ನಮ್ಮವ್ವ ಶಾಂಪೂ ಹಚ್ಚಿ ಪೂರಾ ತೊಳಿ ಅಂತಾಳ, ಬಾಜೂಮನಿ ಕಾಕಾ ಸೀಮಿಎಣ್ಣಿ ಒರಸು ಹೇನು ಸಾಯ್ತಾವ ಅಂತಾರ. ಮನ್ಯಾಗ ಜವಾರಿ ಕೋಳಿನೂ ಅವ, ಅವುಗಳ ಕೂಡ ಬಿಡಬಹುದೇನ್ರಿ? ಇದನ್ನ ಕೊಯ್ಯೂದಂತೂ ಇಲ್ಲ, ಸಾಕ್ತೀನಿ. ಗೊತ್ತಿದ್ದವ್ರು ಹೇಳ್ರಿ.

ನವನಗರ_ಅಕ್ಕ (ಬಾಗಲಕೋಟಿ):
ಛಲೋ ಕೆಲಸ ಮಾಡೀರಿ ತಂಗಿ. ಮೊದಲ ಒಂದು ಮಾತು, ಸೀಮಿಎಣ್ಣಿ ಮುಟ್ಟಬ್ಯಾಡ್ರಿ. ಬರಿ ಚರ್ಮಕ್ಕ ಅದನ್ನ ಒರಸಿದ್ರ ಸುಟ್ಟಂಗಾಗ್ತೈತಿ, ಅದರ ವಾಸನಿ ಉಸಿರಿನ್ಯಾಗ ಹೋದ್ರ ಕೋಳಿ ತಡಕೊಳ್ಳೂದಿಲ್ಲ. ಇರವಿಗೆ ಹಾಕೋ ಪುಡಿನೂ ಅಷ್ಟ, ಬ್ಯಾಡ.

ನೀವು ಹೇಳಿದ್ದು ನೋಡಿದ್ರ ಇದು ತತ್ತಿ ಫಾರ್ಮಿನ ಕೋಳಿ, ಬ್ರಾಯ್ಲರ್ ಅಲ್ಲ. ಬ್ರಾಯ್ಲರ್ ಐದಾರು ವಾರದ ಮರಿ ಇರ್ತೈತಿ, ಮೈ ದಪ್ಪ, ಜುಟ್ಟು ಇನ್ನೂ ಸಣ್ಣದು. ತತ್ತಿ ಕೋಳಿ ಪಂಜರದಾಗ ಒಂದೂವರಿ ವರ್ಷ ತತ್ತಿ ಕೊಟ್ಟು ಕೊಟ್ಟು, ತತ್ತಿ ಕಡಿಮಿ ಆದ ಮ್ಯಾಲೆ ಲಾರಿ ಹತ್ತಿಸ್ತಾರ. ಒಂದಕ್ಕೊಂದು ಕುಕ್ಕಬಾರ್ದಂತ ಮರಿ ಇದ್ದಾಗನ ಚುಂಚು ಕೊಯ್ದಿರ್ತಾರ. ಪಂಜರದ ತಂತಿಗೆ ತಿಕ್ಕಿ ತಿಕ್ಕಿ ಪುಕ್ಕ ಹೋಗಿರ್ತಾವ. ಅದು ಹುಟ್ಟಿದಾಗಿಂದ ಹಿಟ್ಟಿನಂಥಾ ಪುಡಿ ಆಹಾರ ತಿಂದೈತಿ, ಇಡೀ ಕಾಳು ಕಂಡ ಇಲ್ಲ, ಅದಕ್ಕ ನಿಮ್ಮ ಜೋಳ ಅದಕ್ಕ ತಿನ್ನೂ ವಸ್ತು ಅಂತ ಗೊತ್ತಾಗವಲ್ದು. ಲೇಯರ್ ಮ್ಯಾಶ್ ಅಂತ ಪಶು ಆಹಾರದ ಅಂಗಡ್ಯಾಗ ಸಿಗ್ತೈತಿ, ಸ್ವಲ್ಪ ನೀರು ಹಾಕಿ ಉದುರುದುರು ಕಲಸಿ ಇಡ್ರಿ, ಎರಡು ತಾಸಿನ್ಯಾಗ ತಿನ್ನದಿದ್ರ ತಗದು ಚೆಲ್ರಿ, ಈ ಬಿಸಲಾಗ ಹುಳಿ ಬರ್ತೈತಿ. ಜೋಳ ಆಮ್ಯಾಲೆ ನುಚ್ಚು ಒಡದು ಸ್ವಲ್ಪ ಸ್ವಲ್ಪ ಕಲಿಸ್ರಿ. ಬರೇ ಜೋಳದ ಮ್ಯಾಲೆ ಇಟ್ರ ಪುಕ್ಕ ಬರೂದಿಲ್ಲ ನೋಡ್ರಿ, ಪುಕ್ಕ ಅಂದ್ರ ಹೆಚ್ಚೂಕಡಿಮಿ ಪೂರಾ ಪ್ರೋಟೀನ್, ಜೋಳದಾಗ ಅದು ನೂರಕ್ಕ ಹತ್ತರ ಆಜೂಬಾಜೂ, ಕೋಳಿಗೆ ಬೇಕಾಗೂದು ಹದಿನಾರು ಹದಿನೇಳು. ನುಗ್ಗಿ ತಪ್ಪಲ ಸಣ್ಣಗ ಹೆಚ್ಚಿ ಹಾಕ್ರಿ, ಕುದಿಸಿದ ತತ್ತಿ ಚೂರು ಹಾಕಿದ್ರೂ ನಡೀತೈತಿ. ಶೇಂಗಾ ಹಿಂಡಿ ಹಾಕೂದಿದ್ರ ಬೂಷ್ಟು ಹಿಡದದ್ದು ಒಟ್ಟ ಬ್ಯಾಡ, ಆ ಬೂಷ್ಟಿನ ವಿಷ ಲಿವರ್‌ಗೆ ಹೊಡೀತೈತಿ.

ಈಗ ಸ್ನಾನದ ಮಾತು. ಪೂರಾ ಸ್ನಾನ ಬ್ಯಾಡ. ಹೆದರಿ ಸುಸ್ತಾದ ಕೋಳಿನ ಪೂರಾ ಒದ್ದಿ ಮಾಡಿದ್ರ ಮೈ ಕಾವು ಇಳೀತೈತಿ, ಕೋಳಿ ಮೈ ಕಾವು ನಮಗಿಂತ ಜಾಸ್ತಿ, 41 ಡಿಗ್ರಿ ಸುತ್ತಮುತ್ತ, ಅದನ್ನ ಹಿಡದಿಡೋ ಪುಕ್ಕನ ಇದಕ್ಕಿಲ್ಲ. ಆದ್ರ ಹಿಂದಿಂದು ಇವತ್ತ ತೊಳೀಬೇಕು, ನಾಳೆಗಂತ ಬಿಡಬ್ಯಾಡ್ರಿ. ಹಿಕ್ಕಿ ಮ್ಯಾಲೆ ನೊಣ ಕುಂತು ತತ್ತಿ ಇಟ್ರ ಒಂದ ದಿನದಾಗ ಹುಳ ಆಗ್ತಾವ, ಆಮ್ಯಾಲೆ ಬದುಕಿರೋ ಮಾಂಸಕ್ಕ ಇಳೀತಾವ. ಬುಟ್ಟ್ಯಾಗ ಉಗುರುಬೆಚ್ಚ ನೀರು ಹಾಕಿ, ಕೋಳಿ ರೆಕ್ಕಿ ಎರಡೂ ಮೈಗೆ ಒತ್ತಿ ಹಿಡದು, ಹಿಂದಿನ ಭಾಗ ಅಷ್ಟ ನೆನಿಸ್ರಿ. ಕಲ್ಲಾದ ಹಿಕ್ಕಿ ಜಗ್ಗಬ್ಯಾಡ್ರಿ, ಚರ್ಮ ಹರದು ಕೈಗೆ ಬರ್ತೈತಿ. ನೆನದು ಮೆತ್ತಗಾದ ಮ್ಯಾಲೆ ಬೆರಳಿನಿಂದ ತಿಕ್ಕಿದ್ರ ತಾನ ಉದುರ್ತೈತಿ, ಉಳದ ಪುಕ್ಕ ಕತ್ರಿಯಿಂದ ಕತ್ತರಿಸ್ರಿ. ಆಮ್ಯಾಲೆ ಒಣಾ ಅರಿವಿಯಿಂದ ಒತ್ತಿ ಒತ್ತಿ ಒರಸ್ರಿ, ಪೂರಾ ಒಣಗೂತನಕ ಗಾಳಿಗೆ ಇಡಬ್ಯಾಡ್ರಿ. ಗಾಯ ಕಂಡ್ರ ಅರಿಷಿಣ ಕೊಬ್ರಿ ಎಣ್ಣಿ ತೆಳ್ಳಗ ಹಚ್ರಿ. ಬಿಳಿ ಹುಳ ಕಂಡ್ರ ಮನ್ಯಾಗ ಏನೂ ಮಾಡಬ್ಯಾಡ್ರಿ, ಸೀದಾ ದವಾಖಾನಿ.

ಸ್ವಚ್ಛ ಇಡೂದು ಅಂದ್ರ ನಾವು ತೊಳಿಯೂದಲ್ಲ. ಕೋಳಿ ಮಣ್ಣಾಗ ಹೊರಳಾಡಿ ತನ್ನ ಮೈ ತಾನ ಸ್ವಚ್ಛ ಮಾಡ್ಕೊತೈತಿ, ಪಂಜರದಾಗ ಅದಕ್ಕ ಇಷ್ಟು ದಿನ ಮಣ್ಣು ಸಿಕ್ಕಿಲ್ಲ. ಅಗಲ ಬುಟ್ಟ್ಯಾಗ ಒಣಾ ಮಣ್ಣು, ಉಸುಕು, ಆರಿದ ಕಟಿಗಿ ಬೂದಿ ಕೂಡಿಸಿ ಇಡ್ರಿ.

ಇಂಡಿ_ಲಿಂಬಿತೋಟ:
ಅಕ್ಕಾರ ಹೇಳಿದ್ದು ಖರೆ ಅದ. ನಾ ಹೇಳೂದು ಹೇನು ಉಣ್ಣಿ ಬಗ್ಗೆ. ರೆಕ್ಕಿ ಕೆಳಗ, ಹಿಂದಿನ ಭಾಗದ ಸುತ್ತ ಪುಕ್ಕ ಬಿಡಿಸಿ ಬುಡ ನೋಡ್ರಿ, ಬಿಳಿ ಸಕ್ರಿ ಹತ್ತಿದಂಗ ಇದ್ರ ಅವು ಹೇನಿನ ತತ್ತಿ. ಅದು ಕಂಡ ಕೋಳಿಗೆ ಬರೇ ಬೂದಿ ಸಾಲೂದಿಲ್ಲ, ಡಾಕ್ಟರ್ ಕಡೆ ಕೋಳಿಗಂತ ಇರೋ ಔಷಧ ಕೇಳ್ರಿ, ಹಾಕಿ ಹತ್ತು ದಿನದ ಸುಮಾರಿಗೆ ಮತ್ತ ಹಾಕ್ಬೇಕಾಗ್ತದ ಯಾಕಂದ್ರ ಮೊದಲನೇ ಸಲಕ್ಕ ತತ್ತಿ ಸಾಯೂದಿಲ್ಲ. ಉಣ್ಣಿ ಬ್ಯಾರೆ, ಅವು ಹಗಲ ಕೋಳಿ ಮ್ಯಾಲೆ ಇರೂದಿಲ್ಲ, ಗ್ವಾಡಿ ಬಿರುಕಿನ್ಯಾಗ ಕಟಿಗಿ ಸಂದಿನ್ಯಾಗ ಅಡಗಿ ಕುಂತು ರಾತ್ರಿ ಬಂದು ರಕ್ತ ಹೀರ್ತಾವ. ಎಷ್ಟೋ ಮಂದಿ ಕೋಳಿಗೆ ಔಷಧ ಹಾಕಿ ಹಾಕಿ ದಣೀತಾರ, ಗೂಡು ನೋಡೂದ ಇಲ್ಲ. ಬ್ಯಾಟರಿ ಹಿಡದು ರಾತ್ರಿ ಗೂಡಿನ ಸಂದಿ ನೋಡ್ರಿ, ಬಿರುಕು ಮುಚ್ಚಿ ಸುಣ್ಣ ಬಳೀರಿ.

ಜವಾರಿ ಕೋಳಿ ಕೂಡ ಈಗ ಬಿಡಬ್ಯಾಡ್ರಿ. ಒಂದು ತಿಂಗಳು ಬ್ಯಾರೆ ಜಾಗಾ, ಬ್ಯಾರೆ ನೀರಿನ ಡಬ್ಬಿ, ಮೊದಲ ಜವಾರಿ ಕೋಳಿ ಕೆಲಸ ಮುಗಿಸಿ ಕಡೀಕ ಇದರ ಹಂತ್ಯಾಕ ಹೋಗ್ರಿ, ಕೈ ಕಾಲು ತೊಳೀರಿ. ಹಸರ ಹಿಕ್ಕಿ, ಕುತ್ತಿಗಿ ತಿರವೂದು, ಬಾಯಿ ತಗದು ಉಸಿರಾಡೂದು ಕಂಡ್ರ ಅದು ಕೊಕ್ಕರೆ ರೋಗ ಇರಬಹುದು, ಊರಾಗಿನ ಕೋಳಿ ಎಲ್ಲಾ ಖಾಲಿ ಮಾಡ್ತದ. ನಿಮ್ಮ ಜವಾರಿ ಕೋಳಿಗೆ ಲಸಿಕಿ ಹಾಕಿಸಿರಿಲ್ಲೋ, ಪಶು ಆಸ್ಪತ್ರ್ಯಾಗ ಕೇಳ್ರಿ.

ಸಿಂದಗಿನಾಕಾ_ಮನಿ:
ಎಲ್ಲಾರಿಗೂ ಧನ್ಯವಾದ್ರಿ. ಹಿಂದಿನ ಭಾಗ ನೆನಸಿ ತೊಳದೀನಿ, ಹುಳ ಇಲ್ಲ, ಚರ್ಮ ಸ್ವಲ್ಪ ಉರಿ ಆದಂಗ ಕೆಂಪದ. ಮ್ಯಾಶ್ ತಂದು ಹಾಕಿದ ಕೂಡ್ಲೆ ತಲಿ ಎತ್ತದಂಗ ತಿಂತು, ನಮ್ಮವ್ವ ಈಗ ಅದರ ಮುಂದಿಂದ ಏಳವಲ್ಲಳು. ಮತ್ತೊಂದು ಕೇಳೂದದ, ಮುಂಜಾನೆ ಇಟ್ಟ ತತ್ತಿಗೆ ಸಿಪ್ಪಿನ ಇರ್ಲಿಲ್ಲ, ಬರೇ ಮೆತ್ತನ ಚೀಲ. ಸುಣ್ಣ ಕೊಡ್ಬೇಕೇನ್ರಿ? ಎಲಿಗೆ ಹಚ್ಚೋ ಸುಣ್ಣ ಮನ್ಯಾಗದ.

ನವನಗರ_ಅಕ್ಕ:
ಎಲಿ ಅಡಿಕಿ ಸುಣ್ಣ ಬ್ಯಾಡೇ ಬ್ಯಾಡ, ಬಾಯಿ ಗಂಟಲ ಸುಡ್ತೈತಿ. ತತ್ತಿ ಸಿಪ್ಪಿ ತೊಳದು ಹಂಚಿನ ಮ್ಯಾಲೆ ಹುರದು ಸಣ್ಣಗ ಕುಟ್ಟಿ ಬ್ಯಾರೆ ಬಟ್ಟಲದಾಗ ಇಡ್ರಿ, ಬೇಕಾದಷ್ಟ ಅದ ತಿಂತೈತಿ. ಒಂದು ತತ್ತಿ ಸಿಪ್ಪಿಗೆ ಎರಡು ಗ್ರಾಂ ಹತ್ರ ಕ್ಯಾಲ್ಸಿಯಂ ಹೋಗ್ತೈತಿ, ಆಹಾರದಾಗ ಸಿಗದಿದ್ರ ತನ್ನ ಎಲುಬಿನಿಂದ ತಗೀತೈತಿ, ಪಂಜರದ ಕೋಳಿ ಎಲುಬು ಮೊದಲ ಲಟಕ್ಕನ ಮುರಿಯೂವಂಗ ಇರ್ತಾವ, ಅದಕ್ಕ ಎತ್ತೂವಾಗ ರೆಕ್ಕಿ ಹಿಡದು ಎತ್ತಬ್ಯಾಡ್ರಿ, ಎದಿ ಕೆಳಗ ಕೈ ಕೊಟ್ಟು ಎತ್ರಿ. ಎತ್ತರಕ್ಕ ಕೂಡಸಬ್ಯಾಡ್ರಿ, ಜಿಗದ್ರ ಕಾಲು ಮುರೀತೈತಿ. ಬಿಸಲಿಗೂ ತತ್ತಿ ಸಿಪ್ಪಿ ತೆಳ್ಳಗಾಗ್ತೈತಿ, ಕೋಳಿಗೆ ಬೆವರಿಲ್ಲ, ಬಾಯಿ ತಗದು ತೇಕತೈತಿ. ನೀರು ನೆಳ್ಳಾಗ ಇಡ್ರಿ, ಮಧ್ಯಾಹ್ನ ಒಮ್ಮಿ ಬದಲ ಮಾಡ್ರಿ.

ಬಾಲ ಇಳಿಬಿಟ್ಟು ನೆಟ್ಟಗ ನಿಂತು ಮುಕ್ಕರಿತಿದ್ರ ತತ್ತಿ ಒಳಗ ಸಿಕ್ಕೈತಿ ಅಂತ ತಿಳ್ಕೊಳ್ರಿ. ಬೆಚ್ಚನ ನೀರಾಗ ಹದಿನೈದಿಪ್ಪತ್ತು ನಿಮಿಷ ಹಿಂದಿನ ಭಾಗ ಇಡ್ರಿ, ಒತ್ತಿ ತಗಿಯಾಕ ಹೋಗಬ್ಯಾಡ್ರಿ ಒಳಗ ಒಡದ್ರ ಕೋಳಿ ಹೋಗ್ತೈತಿ, ಬರ್ಲಿಲ್ಲಂದ್ರ 1962ಕ್ಕ ಫೋನ್ ಹಚ್ರಿ, ಪಶು ಸಂಜೀವಿನಿ ಸಹಾಯವಾಣಿ ಅದು.

ಗೋಕಾಕ_ಹಿತ್ತಲ:
ಒಂದು ಸೇರಿಸ್ತೀನ್ರಿ. ಹೇನಿಗೋ ಜಂತುಹುಳಕ್ಕೋ ಔಷಧ ಹಾಕಿದ್ರ ಆ ದಿನಗಳ ತತ್ತಿ ಎಷ್ಟು ದಿನ ತಿನ್ನಬಾರ್ದು ಅಂತ ಡಾಕ್ಟರ್‌ಗೆ ಕೇಳ್ರಿ, ಮನ್ಯಾಗ ಸಣ್ಣ ಹುಡುಗ್ರು ಇದ್ರಂತೂ ಕೋಳಿ ಮುಟ್ಟಿದ ಕೈ ಸೋಪು ಹಚ್ಚಿ ತೊಳಸ್ರಿ. ತಿಂಗಳಾದ ಮ್ಯಾಲೆ ಜವಾರಿ ಕೋಳಿ ಜೋಡಿ ಮಾಡೂದಿದ್ರ ನಡುವೆ ಜಾಳಗಿ ಇಟ್ಟು ವಾರ ಹತ್ತು ದಿನ ನೋಡಾಕ ಬಿಡ್ರಿ, ಬರಿ ಚರ್ಮ ಕಂಡ್ರ ಅವು ಕುಕ್ಕಿ ರಕ್ತ ತಗೀತಾವ, ಹಂಗಾಗಿ ಬೆನ್ನ ಮ್ಯಾಲೆ ಪುಕ್ಕ ಚಿಗುರೂತನಕ ಅವಸರ ಮಾಡಬ್ಯಾಡ್ರಿ. ಕಿತ್ತು ಹೋದ ಪುಕ್ಕ ಮೊದಲ ಬರ್ತಾವ, ಮುರದು ಕಡ್ಡಿ ಉಳದಿದ್ದು ಮುಂದಿನ ಪುಕ್ಕ ಉದುರೋ ಕಾಲಕ್ಕ ಬದಲಾಗ್ತಾವ. ಆ ಕಡ್ಡಿ ಕೀಳಬ್ಯಾಡ್ರಿ.