ಕೆರೆಗೆ ಸೆನ್ಸರ್ ಬೇಕಾ, ಮೂಗು ಸಾಲದಾ?

ಕೆರೆದಂಡೆ: ನಮ್ಮ ಏರಿಯಾ ಕೆರೇಲಿ ಸೆನ್ಸರ್ ತೇಲಿಬಿಡ್ತಾರಂತೆ. ಹತ್ತು ನಿಮಿಷಕ್ಕೊಮ್ಮೆ ಫೋನಿಗೆ ರೀಡಿಂಗ್ ಬರುತ್ತಂತೆ. ನೀರು ಕೊಳಚೆ ಅನ್ನೋಕೆ ಮೂಗು ಸಾಲದಾ? ಆ ದುಡ್ಡಲ್ಲಿ ಕೆರೆಗೆ ಬೀಳ್ತಿರೋ ಯುಜಿಡಿ (ಒಳಚರಂಡಿ) ಪೈಪ್ ತಿರುಗಿಸಬಹುದಿತ್ತು.

ಲ್ಯಾಬ್_ಸುಮ: ಮೂಗಿಗೆ ಸಿಗದ್ದೂ ಇದೆ ಸಾರ್. ತಿಂಗಳಿಗೊಂದು ಸಲ ಸ್ಯಾಂಪಲ್ ತೆಗೆಯೋದು ಹಗಲು ಹನ್ನೊಂದಕ್ಕೋ ಹನ್ನೆರಡಕ್ಕೋ. ಆಗ ಪಾಚಿ ಬಿಸಿಲು ಕುಡಿದು ಆಮ್ಲಜನಕ ಬಿಡ್ತಿರುತ್ತೆ, ರಿಪೋರ್ಟ್ ಚೆನ್ನಾಗೇ ಬರುತ್ತೆ. ಅದೇ ಪಾಚಿ ರಾತ್ರಿಯಿಡೀ ಉಸಿರಾಡಿ ಆ ಆಮ್ಲಜನಕ ಖಾಲಿ ಮಾಡುತ್ತೆ. ಮೀನು ಬದುಕೋಕೆ ಲೀಟರಿಗೆ 4 ಮಿಲಿಗ್ರಾಂ ಇರಬೇಕು ಅನ್ನೋದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮಾನದಂಡ. ಕೊಳಚೆ ಕೆರೇಲಿ ಬೆಳಗಿನ ಜಾವ ಅದು 1ಕ್ಕೂ ಇಳಿಯಬಹುದು. ಆ ಹೊತ್ತಲ್ಲಿ ಬಾಟ್ಲಿ ಹಿಡ್ಕೊಂಡು ಯಾರು ಹೋಗ್ತಾರೆ? 2016ರ ಮಾರ್ಚಲ್ಲಿ ಹಲಸೂರು ಕೆರೇಲಿ ಸಾವಿರಾರು ಮೀನು ಸತ್ತು ತೇಲಿದ್ದು ನೆನಪಿರಬೇಕು.

ಎಸ್‌ಟಿಪಿ_ಸೀನ: ಒಪ್ಪಿದೆ ಮೇಡಂ, ಆದ್ರೆ ನೀರಲ್ಲಿ ಮುಳುಗಿರೋ ಸೆನ್ಸರ್ ಕಡ್ಡಿ, ಅದೇ ಪ್ರೋಬ್, ತೊಳೆಯೋರ್ಯಾರು? ಹದಿನೈದು ದಿನ ಬಿಟ್ರೆ ಬೆರಳಿಗೆ ಜಾರೋ ಹಾಗೆ ಲೋಳೆ ಕಟ್ಟುತ್ತೆ, ಆಮೇಲೆ ಅದು ಅಳೆಯೋದು ಲೋಳೇನ, ನೀರನ್ನಲ್ಲ. 2014ರಲ್ಲೇ 17 ಬಗೆ ಕೈಗಾರಿಕೆಗಳಿಗೆ ಆನ್‌ಲೈನ್ ಮೀಟರ್ ಹಾಕಿ ಅಂತ ಮಂಡಳಿ ಹೇಳಿತ್ತು. ನಾನು ಹಿಂದೆ ಕೆಲಸಕ್ಕಿದ್ದ ಕಡೆ ಆ ಪ್ರೋಬನ್ನ ಎತ್ತಿ ಬೋರ್ ನೀರಿನ ಬಕೆಟ್ಟಿಗೆ ಇಳಿಸಿಬಿಡೋರು. ಸ್ಕ್ರೀನ್ ನೋಡಿದ್ರೆ ಎಳನೀರು!

ಮಾಡೆಲ್_ಮಂಜ: ಬಕೆಟ್ಟಿನ ಕಳ್ಳಾಟ ಹಳೇ ರೀಡಿಂಗ್ ನೋಡಿ ಕಲಿತ ಕಂಪ್ಯೂಟರ್ ಮಾಡೆಲ್‌ಗೆ ಸಿಕ್ಕಿಬೀಳುತ್ತೆ ಸೀನಣ್ಣ. ನಿಜವಾದ ಕೊಳಚೆ ನೀರಿಗೆ ಏರಿಳಿತ ಇರುತ್ತೆ, ಬಕೆಟ್ ನೀರು ಸ್ಕೇಲಲ್ಲಿ ಗೆರೆ ಎಳೆದ ಹಾಗೆ. ಕೆರೇಲಿ ಇನ್ನೂ ಉಪಯೋಗ: ಸಂಜೆಯ ರೀಡಿಂಗು, ನೀರಿನ ಬಿಸಿ, ಮೋಡ, ಗಾಳಿ ಎಲ್ಲ ಕೊಟ್ರೆ ನಾಳೆ ಬೆಳಗಿನ ಜಾವಕ್ಕೆ ಆಮ್ಲಜನಕ ಎಷ್ಟಕ್ಕೆ ಇಳಿಯುತ್ತೆ ಅಂತ ರಾತ್ರಿಯೇ ಅಂದಾಜು ಹೇಳುತ್ತೆ. ನೀರಿಗೆ ಗಾಳಿ ತುಂಬೋ ಏರೇಟರ್ ಮೊದಲೇ ಹಾಕ್ಕೋಬಹುದು.

ಲ್ಯಾಬ್_ಸುಮ: ಬೇಸಿಗೆ ಲೆಕ್ಕದಲ್ಲಿ ಕಲಿತ ಮಾಡೆಲ್ ಮೊದಲ ಮಳೆಗೇ ದಾರಿ ತಪ್ಪುತ್ತೆ ಮಂಜು. ರಾಜಕಾಲುವೆ ಹೂಳೆಲ್ಲ ಒಂದೇ ಸಲ ಬಂದು ಬೀಳುತ್ತಲ್ಲ. ಬಾಟ್ಲಿ, ಲ್ಯಾಬು ಬಿಡೋ ಹಾಗಿಲ್ಲ.

ಕೆರೆದಂಡೆ: ಸರಿ, ರಾತ್ರಿ ಹತ್ತಕ್ಕೆ ಅಲರ್ಟ್ ಬಂತು ಅಂತಿಟ್ಕೊಳ್ಳಿ. ಏರೇಟರ್ ರೂಮಿನ ಬೀಗದಕೈ ಯಾರ ಹತ್ರ?

ಎಸ್‌ಟಿಪಿ_ಸೀನ: ನಮ್ಮ ಕಡೆ ಕೆರೇಲಿ ವಾಚ್‌ಮನ್ ಹತ್ರ. ಅಲರ್ಟ್ ಹೋಗೋ ನಂಬರ್‌ಗಳಲ್ಲಿ ಅವನದ್ದೊಂದು ಬಿಟ್ಟು ಎಲ್ಲರದ್ದೂ ಇದೆ.